‘ಇಲ್ಲ’ ಅಂದಾಗ ಏನಾಗುತ್ತದೆ? ಸಂಬಂಧದಲ್ಲಿ ಸ್ವಮೋಹ ಗುರುತಿಸಲು ಒಂದು ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ಹಾಸನದ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಮದುವೆ ಗೊತ್ತಾಗಿ ಮೂರು ತಿಂಗಳಾಗಿತ್ತು. ಕೂತವಳೇ ಮೊಬೈಲ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದಳು. ಹುಡುಗನ ಕೈಲಿ ಪರ್ಸನಾಲಿಟಿ ಟೆಸ್ಟ್ ಮಾಡಿಸಿದ್ದಳು. ಸ್ವಭಾವವನ್ನು 16 ಟೈಪುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ನಾಲ್ಕು ಅಕ್ಷರದ ಹೆಸರು ಕೊಡುವ ಟೆಸ್ಟ್ ಅದು. ‘ಇಎನ್‌ಟಿಜೆ’ ಅಂತ ಬಂದಿತ್ತು.

“ಮೇಡಂ, ಈ ಟೈಪ್‌ನವರು ನಾರ್ಸಿಸಿಸ್ಟ್ ಆಗಿರ್ತಾರಂತೆ. ವಿಡಿಯೋದಲ್ಲಿ ಹೇಳಿದ್ರು. ಮದುವೆ ಬೇಡ ಅಂದುಬಿಡ್ಲಾ?”

“ಅವರಿಗೆ ನೀನು ಯಾವತ್ತಾದ್ರೂ, ಯಾವುದಕ್ಕಾದ್ರೂ ‘ಇಲ್ಲ’ ಅಂದಿದೀಯಾ?” ಅಂತ ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದಳು. “ಇನ್ನೂ ಇಲ್ಲ ಮೇಡಂ.”

ನಾರ್ಸಿಸಿಸ್ಟ್ ಅಂದರೆ ಸ್ವಮೋಹಿ, ತನ್ನ ಮೇಲೇ ಮೋಹ ಇರುವವರು. ಆ ಹುಡುಗಿಗೆ ಅವತ್ತು ಹೇಳಿದ್ದನ್ನೂ, ಹೇಳಲು ಸಮಯ ಸಾಲದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಮನಃಶಾಸ್ತ್ರ ಓದಿದವಳು, ಆಪ್ತಸಮಾಲೋಚನೆ ನನ್ನ ಕೆಲಸ. ಆದರೆ ಈ ವಿಷಯ ನನಗೆ ಓದಿನಿಂದ ಗೊತ್ತಾದದ್ದು ಕಡಿಮೆ. ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕನಿಂದ ಗೊತ್ತಾದದ್ದೇ ಜಾಸ್ತಿ. ಅವಳ ಒಪ್ಪಿಗೆ ಕೇಳಿಯೇ ಅವಳ ಮಾತು ಇಲ್ಲಿ ತಂದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ, ಕೊಲ್ಲುವ ಮಾತಾಡುತ್ತಿದ್ದರೆ, ಮನೆಯಿಂದ ಹೊರಗೆ ಬಿಡದೆ ಇದ್ದರೆ ಕೆಳಗಿನ ಹೆಜ್ಜೆಗಳನ್ನು ಪ್ರಯೋಗ ಮಾಡಲು ಹೋಗಬೇಡಿ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಉಳಿದದ್ದು ಆಮೇಲೆ.

ಹೆಜ್ಜೆ 1: ಹೆಸರಿಡುವ ಮೊದಲು ಪದ ತಿಳಿದುಕೊಳ್ಳಿ

ಗ್ರೀಕ್ ಪುರಾಣದಲ್ಲಿ ನಾರ್ಸಿಸಸ್ ಅಂತ ಒಬ್ಬ ಚೆಲುವ. ಕೊಳದ ನೀರಿನಲ್ಲಿ ಕಂಡ ತನ್ನ ಮುಖಕ್ಕೇ ಮರುಳಾಗಿ, ಅದನ್ನೇ ನೋಡುತ್ತಾ ಪ್ರಾಣ ಬಿಟ್ಟ. ಅವನ ಹೆಸರಿನಿಂದ ಬಂದ ಪದ ನಾರ್ಸಿಸಿಸಂ. ಕನ್ನಡದಲ್ಲಿ ಸ್ವಮೋಹ ಅನ್ನೋಣ. ಆ ಕತೆಯಲ್ಲಿ ಇನ್ನೊಬ್ಬಳಿದ್ದಾಳೆ, ಎಕೋ. ಅವನನ್ನು ಪ್ರೀತಿಸಿದವಳು. ಅವಳಿಗೆ ಸ್ವಂತ ಮಾತಿಲ್ಲ, ಎದುರಿನವರ ಕೊನೆಯ ಮಾತನ್ನು ತಿರುಗಿ ಹೇಳುವುದಕ್ಕಷ್ಟೇ ಬರುತ್ತದೆ. ಸೊರಗಿ ಸೊರಗಿ ಕೊನೆಗೆ ಅವಳ ದನಿ ಮಾತ್ರ ಉಳಿಯುತ್ತದೆ. ನನ್ನನ್ನು ಯಾವಾಗಲೂ ಕಾಡುವವಳು ಇವಳೇ. ನನ್ನ ಎದುರು ಬಂದು ಕೂರುವವರಲ್ಲಿ ಹೆಚ್ಚಿನವರು ಎಕೋಗಳು. “ನಿಮಗೆ ಏನು ಬೇಕು?” ಅಂತ ಕೇಳಿದರೆ “ಅವರಿಗೆ ಏನಂದ್ರೆ...” ಅಂತ ಶುರು ಮಾಡುತ್ತಾರೆ.

ಕನ್ನಡಿ ನೋಡಿಕೊಳ್ಳುವುದು ರೋಗವಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ದರ್ಪಣ ಸುಂದರಿ ಕನ್ನಡಿ ಹಿಡಿದೇ ನಿಂತಿದ್ದಾಳೆ, ಎಷ್ಟು ಚೆನ್ನಾಗಿ ಕಾಣುತ್ತಾಳೆ ಅಲ್ವಾ? ತನ್ನ ಬಗ್ಗೆ ಹೆಮ್ಮೆ ಎಲ್ಲರಿಗೂ ಬೇಕು. ಹಾಗೆಯೇ ಸಾಲ ತಲೆ ಮೇಲಿದ್ದಾಗ, ಕಾಯಿಲೆ ಬಿದ್ದಾಗ, ಮನೆಯಲ್ಲಿ ಸಾವಾದಾಗ ಯಾರಾದರೂ ಕೆಲವು ದಿನ ತಮ್ಮದನ್ನೇ ನೋಡಿಕೊಳ್ಳುತ್ತಾರೆ. ಅದನ್ನು ಸ್ವಮೋಹ ಅಂತ ಕರೆಯಬೇಡಿ.

ಸ್ವಮೋಹ ಒಂದು ಗುಣವಾಗಿ ಎಲ್ಲರಲ್ಲೂ ಇರುತ್ತದೆ, ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಜಾಸ್ತಿ. ತೀರಾ ಜಾಸ್ತಿಯಾಗಿ ಬದುಕನ್ನೇ ಕೆಡಿಸುವಾಗ ಮಾತ್ರ ವೈದ್ಯರು ಅದನ್ನು ವ್ಯಕ್ತಿತ್ವದ ಕಾಯಿಲೆ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂಗೆ ಈ ಕಾಯಿಲೆ ಸೇರಿದ್ದು 1980ರಲ್ಲಿ. ಅದರಲ್ಲಿ ಒಂಬತ್ತು ಲಕ್ಷಣಗಳಿವೆ. ತಾನು ಎಲ್ಲರಿಗಿಂತ ದೊಡ್ಡವ ಅನ್ನುವ ಭಾವ, ಸದಾ ಹೊಗಳಿಕೆ ಬೇಕೆನ್ನುವ ಹಸಿವು, ತನಗೆ ಎಲ್ಲದಕ್ಕೂ ವಿಶೇಷ ಹಕ್ಕಿದೆ ಅನ್ನುವ ನಂಬಿಕೆ, ಬೇರೆಯವರನ್ನು ಬಳಸಿಕೊಳ್ಳುವುದು, ಅವರ ನೋವು ಕಾಣದಿರುವುದು, ಹೊಟ್ಟೆಕಿಚ್ಚು, ಹೀಗೆ. ಐದಾದರೂ ಇರಬೇಕು. ಹರೆಯದಿಂದಲೂ ಇರಬೇಕು. ಮನೆ, ಕೆಲಸ, ಗೆಳೆತನ ಎಲ್ಲ ಕಡೆ ಕಾಣಬೇಕು. ಅಮೆರಿಕದಲ್ಲಿ 34,000ಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿ 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಬದುಕಿನ ಯಾವುದಾದರೂ ಹಂತದಲ್ಲಿ ಈ ಕಾಯಿಲೆ ಕಂಡವರು ಶೇ. 6.2. ಗಂಡಸರಲ್ಲಿ ಶೇ. 7.7, ಹೆಂಗಸರಲ್ಲಿ ಶೇ. 4.8. ಅಂದರೆ ಇದು ಗಂಡಂದಿರ ಕಾಯಿಲೆ ಅಂತ ಅಂದುಕೊಳ್ಳುವುದೂ ತಪ್ಪು.

2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಂತೂ ಈ ಹೆಸರಿನ ಬೇರೆ ಕಾಯಿಲೆಯೇ ಇಲ್ಲ. ವ್ಯಕ್ತಿತ್ವದ ತೊಂದರೆ ಎಷ್ಟು ತೀವ್ರವಾಗಿದೆ, ಅದರಿಂದ ಸಂಬಂಧಗಳಿಗೆ ಎಷ್ಟು ಪೆಟ್ಟು ಅನ್ನುವುದನ್ನು ಅದು ನೋಡುತ್ತದೆ. ನಾವೂ ಹಾಗೇ ನೋಡೋಣ.

ಹೆಜ್ಜೆ 2: ಟೆಸ್ಟನ್ನು ಅದರ ಜಾಗದಲ್ಲಿ ಇಡಿ

ನಾಲ್ಕು ಅಕ್ಷರದ ಈ ಟೈಪುಗಳಿಗೆ ಮೂಲ ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳು. ಅಮೆರಿಕದ ತಾಯಿ-ಮಗಳು ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಅದನ್ನು ಪ್ರಶ್ನಾವಳಿ ಮಾಡಿದರು. ಅದೇ ಎಂಬಿಟಿಐ, 16 ಟೈಪುಗಳು. ಜನರ ಜೊತೆ ಬೆರೆಯಲು ಇಷ್ಟವೋ ಒಂಟಿಯಾಗಿರಲು ಇಷ್ಟವೋ, ತೀರ್ಮಾನವನ್ನು ಲೆಕ್ಕ ಹಾಕಿ ಮಾಡುತ್ತೀರೋ ಮನಸ್ಸು ನೋಡಿ ಮಾಡುತ್ತೀರೋ, ಇಂಥದ್ದನ್ನು ಅದು ಕೇಳುತ್ತದೆ. ಬೇರೆಯವರ ನೋವು ಕಾಣುತ್ತದೋ ಇಲ್ಲವೋ ಅನ್ನುವುದನ್ನು ಆ ನಾಲ್ಕು ಅಕ್ಷರಗಳಲ್ಲಿ ಒಂದೂ ಅಳೆಯುವುದಿಲ್ಲ. ಮೇಲಾಗಿ ನಡುವಿನ ಗೆರೆಯ ಹತ್ತಿರ ಇರುವವರು ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬೇರೆ ಟೈಪೇ ಬರಬಹುದು.

ಕಾಫಿ ಬೀಜವನ್ನು ಜರಡಿ ಹಿಡಿದು ಎ, ಬಿ, ಸಿ, ಪೀಬೆರಿ ಅಂತ ಬೇರೆ ಮಾಡುತ್ತಾರಲ್ಲ, ಹಾಗೆ ಇದು. ಗಾತ್ರ, ಆಕಾರ ಗೊತ್ತಾಗುತ್ತದೆ. ರುಚಿ ಗೊತ್ತಾಗಬೇಕಾದರೆ ಕುಡಿಯಬೇಕು.

ಹಾಗಾಗಿ ‘ಇಎನ್‌ಟಿಜೆ ಅಂದರೆ ನಾರ್ಸಿಸಿಸ್ಟ್’, ‘ಐಎನ್‌ಎಫ್‌ಜೆ ಅಂದರೆ ಅವರ ಬಲಿಪಶು’ ಅನ್ನುವ ಮಾತುಗಳನ್ನು ಪಕ್ಕಕ್ಕಿಡಿ. ಬೇರೆಯವರ ನೋವನ್ನು ತನ್ನದೇ ಅನ್ನುವ ಹಾಗೆ ಅನುಭವಿಸುವವರಿಗೆ ಹೇಳುವ ‘ಎಂಪಾತ್’ ಅನ್ನುವ ಪದ ಕೂಡ ಯಾವ ವೈದ್ಯರ ಪಟ್ಟಿಯಲ್ಲೂ ಇಲ್ಲ. ಟೆಸ್ಟ್ ಬರೆಯಲೇಬೇಡಿ ಅನ್ನುತ್ತಿಲ್ಲ. ಇಬ್ಬರೂ ಕೂತು ಬರೆದು ಮಾತಾಡಿದರೆ ಒಬ್ಬರಿಗೊಬ್ಬರು ಅರ್ಥವಾಗಲು ಒಂದು ನೆಪ ಸಿಗುತ್ತದೆ. ಅಷ್ಟಕ್ಕೆ ಅದು ಒಳ್ಳೆಯದೇ.

ಹೆಜ್ಜೆ 3: ಐದು ಗುಣಗಳ ಅಳತೆ ನೋಡಿ

ಸಂಶೋಧಕರು ಹೆಚ್ಚು ನಂಬುವುದು ‘ಬಿಗ್ ಫೈವ್’ ಅನ್ನುವ ಇನ್ನೊಂದು ಅಳತೆಯನ್ನು. ಇದರಲ್ಲಿ ಪೆಟ್ಟಿಗೆಗಳಿಲ್ಲ. ಐದು ಗುಣಗಳು, ಪ್ರತಿಯೊಂದರಲ್ಲೂ ನೀವು ಎಲ್ಲೋ ಒಂದು ಕಡೆ ನಿಂತಿರುತ್ತೀರಿ. ಹೊಸದಕ್ಕೆ ಮನಸ್ಸು ತೆರೆಯುವುದು, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಬೇರೆಯವರಿಗೆ ಮಿಡಿದು ಹೊಂದಿಕೊಳ್ಳುವುದು, ಬೇಗ ನೊಂದು ಆತಂಕಪಡುವುದು.

ಸ್ವಮೋಹ ಜಾಸ್ತಿ ಇರುವವರಲ್ಲಿ ಮತ್ತೆ ಮತ್ತೆ ಕಾಣುವುದು ನಾಲ್ಕನೆಯದರ ಕೊರತೆ. ಮಿಡಿಯುವ ಗುಣ ಕಡಿಮೆ. ಅದರ ಜೊತೆ ಜನರಲ್ಲಿ ಬೆರೆಯುವ ಗುಣ ಜಾಸ್ತಿ ಇದ್ದರೆ ಸ್ವಮೋಹ ಒಂದು ಮುಖ ತೋರಿಸುತ್ತದೆ, ಬೇಗ ನೋಯುವ ಗುಣ ಜಾಸ್ತಿ ಇದ್ದರೆ ಇನ್ನೊಂದು ಮುಖ. ಮಾತುಗಾರರೆಲ್ಲ ಸ್ವಮೋಹಿಗಳಲ್ಲ, ಮೌನಿಗಳೆಲ್ಲ ಸಾಧುಗಳೂ ಅಲ್ಲ. ನಮ್ಮ ಕಡೆ “ಹುಡುಗ ಪಾಪ, ಬಾಯೇ ಇಲ್ಲ” ಅನ್ನುವುದನ್ನು ಒಳ್ಳೆಯ ಗುಣದ ಸರ್ಟಿಫಿಕೇಟ್ ಥರ ಕೊಟ್ಟುಬಿಡುತ್ತಾರೆ. ಹಾಗೆ ಕೊಡಬಾರದು.

ಹೆಜ್ಜೆ 4: ಎರಡು ಮುಖ ಗುರುತಿಸಲು ಕಲಿಯಿರಿ

ಮೊದಲ ಮುಖ ಮೆರೆಯುವ ಮುಖ. ನನ್ನ ಭಾವನದು ಅದೇ. ಊರಲ್ಲಿ ಯಾರ ಮನೆಯ ಮದುವೆಯಾದರೂ ಮುಂದೆ ನಿಲ್ಲುವವರು, ಜಾತ್ರೆಗೆ ಎಲ್ಲರಿಗಿಂತ ಜಾಸ್ತಿ ಚಂದಾ ಬರೆಸುವವರು. ಮದುವೆಯ ದಿನ ನಮ್ಮಮ್ಮ “ಇಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕು” ಅಂತ ಕಣ್ಣು ಒರೆಸಿಕೊಂಡಿದ್ದು ನನಗೆ ಇನ್ನೂ ನೆನಪಿದೆ. ಅಕ್ಕ ಮಾತ್ರ ತವರಿಗೆ ಬಂದಾಗ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಳು: “ಊರಿಗೆ ಉಪಕಾರಿ ಕಣೇ, ಮನೆಗೆ ಮಾರಿ.”

ಒಂದು ಘಟನೆ ಹೇಳುತ್ತೇನೆ. ತೋಟದ ಮನೆಗಳಲ್ಲಿ ಮಳೆ ಅಳೆಯುವುದು ದಿನದ ಕೆಲಸ. ಬೆಳಿಗ್ಗೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಒಂದು ಇಂಚಿಗೆ ನೂರು ಸೆಂಟ್ಸ್) ಅಂತ ಪುಸ್ತಕದಲ್ಲಿ ಬರೆಯಬೇಕು. ಆ ಮನೆಯಲ್ಲಿ ಅದನ್ನು ಬರೆಯುವವಳು ಅಕ್ಕ. ಮಾರ್ಚ್ ಕೊನೆಯಲ್ಲಿ ಹೂಮಳೆ ಬಿದ್ದಿತ್ತು. ಕಾಫಿ ಹೂ ಅರಳಲು ಬೇಕಾದ ಮಳೆ, ಇಡೀ ವರ್ಷದ ಫಸಲಿನ ಗತಿ ಅದರ ಮೇಲಿದೆ. ಮಾರನೇ ದಿನ ನೆಂಟರು ಬಂದು ಜಗಲಿಯಲ್ಲಿ ಕೂತಿದ್ದರು. ಭಾವ “ನಮ್ಮಲ್ಲಿ ಎರಡಿಂಚು ಆಯ್ತು” ಅಂದರು. ಕಾಫಿ ತಂದ ಅಕ್ಕ ನಗುತ್ತಲೇ ಅಂದಳು: “ಇಲ್ಲ ರೀ, ಒಂದು ಇಂಚು ನಲವತ್ತು ಸೆಂಟ್ಸ್.” ನೆಂಟರು ನಕ್ಕರು. ಭಾವನೂ ನಕ್ಕರು. ನೆಂಟರ ಜೀಪು ಗೇಟು ದಾಟಿದ ಮೇಲೆ ಅವರು ಅಕ್ಕನ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ. ಊಟ ಬಡಿಸಿದರೆ ತಟ್ಟೆ ಮುಟ್ಟದೆ ಎದ್ದು ಹೋಗುತ್ತಿದ್ದರು. ಹನ್ನೆರಡನೇ ದಿನ ಏನೂ ಆಗದವರಂತೆ “ಮೂಡಿಗೆರೆಗೆ ಹೋಗ್ತಿದೀನಿ, ಏನಾದ್ರೂ ತರ್ಬೇಕಾ?” ಅಂದರು. ಅಕ್ಕ ಕೇಳಿದಾಗ ಬಂದ ಉತ್ತರ: “ನಾನೆಲ್ಲಿ ಮಾತು ಬಿಟ್ಟಿದ್ದೆ? ಮುಖ ಊದಿಸ್ಕೊಂಡು ಓಡಾಡಿದ್ದು ನೀನು.”

ಇಲ್ಲಿ ಮೂರು ಸಂಗತಿ ಗಮನಿಸಿ. ಚಿಕ್ಕ ತಿದ್ದುಪಡಿ ಅವಮಾನದಂತೆ ಕಂಡಿತು. ಶಿಕ್ಷೆ ಯಾರೂ ನೋಡದಾಗ ಬಂತು. ಆಮೇಲೆ ನಡೆದದ್ದೇ ಬದಲಾಯಿತು. ಮೂರನೆಯದನ್ನು ಈಗ ಎಲ್ಲರೂ ಗ್ಯಾಸ್‌ಲೈಟಿಂಗ್ ಅನ್ನುತ್ತಾರೆ. ವರ್ಷಗಟ್ಟಲೆ ನಡೆದರೆ ಮನುಷ್ಯರಿಗೆ ತಮ್ಮ ನೆನಪಿನ ಮೇಲೇ ನಂಬಿಕೆ ಹೋಗುತ್ತದೆ.

ಎರಡನೆಯದು ಕೊರಗುವ ಮುಖ. ಗುರುತಿಸಲು ಇದೇ ಕಷ್ಟ, ಯಾಕೆಂದರೆ ನೋಡಿದವರಿಗೆ ಮೊದಲು ಮರುಕ ಬರುತ್ತದೆ. ಇವರು ಜಂಭ ಕೊಚ್ಚುವುದಿಲ್ಲ. “ನನ್ನನ್ನ ಯಾರೂ ಕೇಳೋರಿಲ್ಲ, ನನ್ನ ಯೋಗ್ಯತೆ ಯಾರಿಗೂ ಗೊತ್ತಾಗ್ಲಿಲ್ಲ” ಅನ್ನುವುದು ಇವರ ಹಾಡು. ಸೊಸೆಗೆ ಜ್ವರ ಬಂದ ದಿನವೇ ಅತ್ತೆಗೆ ಎದೆನೋವು. ಹೆಂಡತಿಗೆ ಕೆಲಸದಲ್ಲಿ ಬಡ್ತಿ ಸಿಕ್ಕ ಸಂಜೆ ಗಂಡ ಊಟ ಬಿಟ್ಟು ಮಲಗುತ್ತಾನೆ. ಗಂಡ ಗೆಳೆಯರ ಜೊತೆ ಒಂದು ಭಾನುವಾರ ಮುಳ್ಳಯ್ಯನಗಿರಿಗೆ ಹೋಗಿ ಬಂದರೆ ಹೆಂಡತಿ ತಿಂಗಳೆಲ್ಲ ಅದನ್ನೇ ಎತ್ತಿ ಆಡುತ್ತಾಳೆ. ನಿಜವಾಗಿ ಎದೆನೋವು ಬರಬಹುದು, ನಿಜವಾಗಿ ಬೇಸರವೂ ಆಗಬಹುದು. ಒಂದು ಸಲ ಆದರೆ ಅದು ಮನುಷ್ಯ ಸಹಜ. ನಿಮ್ಮ ಪ್ರತಿ ಸಂತೋಷಕ್ಕೂ, ಪ್ರತಿ ಕಾಯಿಲೆಗೂ ಹೀಗೇ ಆದರೆ ಬರೆದಿಟ್ಟುಕೊಳ್ಳಿ.

ಎರಡೂ ಮುಖದ ಒಳಗೆ ಇರುವುದು ಒಂದೇ. ಮನೆಯಲ್ಲಿ ಒಬ್ಬರಿಗಷ್ಟೇ ಜಾಗ.

ಹೆಜ್ಜೆ 5: ಮೊದಲ ಭೇಟಿಯನ್ನು ನಂಬಬೇಡಿ, ಏಳನೆಯದಕ್ಕೆ ಕಾಯಿರಿ

ಕೆನಡಾದ ಮನಃಶಾಸ್ತ್ರಜ್ಞ ಡೆಲ್‌ರಾಯ್ ಪೌಲಸ್ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳ ಚಿಕ್ಕ ಗುಂಪುಗಳು ಏಳು ಸಲ ಸೇರಿ ಮಾತಾಡಿದವು. ತಮ್ಮನ್ನು ತಾವು ಮೇಲೆ ಎತ್ತಿಕೊಳ್ಳುವ ಸ್ವಭಾವದವರ ಬಗ್ಗೆ ಮೊದಲ ಸಲ ಉಳಿದವರಿಗೆ ತುಂಬಾ ಒಳ್ಳೆಯ ಅಭಿಪ್ರಾಯ. ಏಳನೇ ಸಲದ ಹೊತ್ತಿಗೆ ಅದು ತಲೆಕೆಳಗಾಗಿತ್ತು.

ಈಗ ನಮ್ಮ ಹೆಣ್ಣು ನೋಡುವ ಶಾಸ್ತ್ರ ನೆನೆಸಿಕೊಳ್ಳಿ. ಉಪ್ಪಿಟ್ಟು, ಕೇಸರಿಬಾತು, ಹತ್ತು ಜನ ಹಿರಿಯರು. ಹುಡುಗ-ಹುಡುಗಿಗೆ ತಾರಸಿ ಮೇಲೆ ಕಾಲು ಗಂಟೆ ಮಾತು. ಆಮೇಲೊಂದು ಸಲ ಹೋಟೆಲಿನಲ್ಲಿ ಭೇಟಿ. ಅಲ್ಲಿಗೆ ಮುಗಿಯಿತು, ಛತ್ರ ಬುಕ್. ಮೆರೆಯುವ ಮುಖದವರು ಅತಿ ಚೆನ್ನಾಗಿ ಕಾಣುವ ಎರಡೇ ಎರಡು ಭೇಟಿಯಲ್ಲಿ ನಾವು ಇಡೀ ಬದುಕಿನ ತೀರ್ಮಾನ ಮಾಡುತ್ತಿದ್ದೇವೆ. ಹಿರಿಯರಲ್ಲಿ ನನ್ನ ಕಳಕಳಿಯ ಕೇಳಿಕೆ ಇಷ್ಟೇ: ನಿಶ್ಚಯಕ್ಕೆ ಮುಂಚೆ ಮಕ್ಕಳಿಗೆ ಏಳು ಭೇಟಿಗೆ ಅವಕಾಶ ಕೊಡಿ. ಊರು ಏನನ್ನುತ್ತದೋ ಅನ್ನುವ ಭಯಕ್ಕಿಂತ ಇದು ಮುಖ್ಯ.

ಭೇಟಿಗಳು ಒಂದೇ ಥರ ಇರಬಾರದು. ಐಸ್‌ಕ್ರೀಂ ಅಂಗಡಿಯಲ್ಲಿ ಎಲ್ಲರೂ ಒಳ್ಳೆಯವರೇ. ಬಸ್ಸು ತಡವಾಗಲಿ, ದಾರಿ ತಪ್ಪಲಿ, ಆಟದಲ್ಲಿ ಸೋಲಲಿ. ತೋಟದ ಆಳಿನ ಜೊತೆ, ಹೋಟೆಲ್ ಹುಡುಗನ ಜೊತೆ, ತನ್ನ ಅಮ್ಮನ ಜೊತೆ ಹೇಗೆ ಮಾತಾಡುತ್ತಾರೆ ನೋಡಿ. ನಿಮ್ಮದೊಂದು ಖುಷಿಯ ಸುದ್ದಿ ಹೇಳಿ ನೋಡಿ. ಎರಡು ನಿಮಿಷ ಆ ಖುಷಿಯಲ್ಲಿ ನಿಲ್ಲುತ್ತಾರಾ, ಇಲ್ಲ ಮಾತು ಮತ್ತೆ ಅವರ ಕಡೆಗೇ ತಿರುಗುತ್ತದಾ?

ಹೆಜ್ಜೆ 6: ಒಂದು ಚಿಕ್ಕ ‘ಇಲ್ಲ’ ಹೇಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ದೊಡ್ಡ ವಿಷಯಕ್ಕೆ ಅಲ್ಲ, ಚಿಕ್ಕದಕ್ಕೆ. ಸುಮ್ನೆ ಜಗಳ ತೆಗೆಯಲೂ ಅಲ್ಲ, ನಿಮಗೆ ನಿಜವಾಗಿ ಬೇಡವಾದ ಯಾವುದಾದರೂ ಒಂದಕ್ಕೆ. “ಈ ಭಾನುವಾರ ಬರೋಕೆ ಆಗಲ್ಲ.” “ಆ ಬಣ್ಣ ನನಗೆ ಇಷ್ಟ ಇಲ್ಲ.” “ಫೋನ್ ಪಾಸ್‌ವರ್ಡ್ ಕೊಡಲ್ಲ.” ಹೇಳಿ ಸುಮ್ಮನಾಗಿ. ಕಾರಣಗಳ ಪಟ್ಟಿ ಕೊಡಬೇಡಿ.

ಆರೋಗ್ಯವಾದ ಸಂಬಂಧದಲ್ಲಿ ಎದುರಿನವರಿಗೆ ಬೇಜಾರಾಗಬಹುದು, ವಾದ ಮಾಡಬಹುದು, ಒಂದು ಗಂಟೆ ಮುನಿಸಿಕೊಳ್ಳಲೂಬಹುದು. ಆಮೇಲೆ ಮಾತು ಮುಂದೆ ಹೋಗುತ್ತದೆ, ನಿಮ್ಮ ‘ಇಲ್ಲ’ ಉಳಿಯುತ್ತದೆ. ಸ್ವಮೋಹ ಜಾಸ್ತಿ ಇರುವ ಕಡೆ ‘ಇಲ್ಲ’ ಉಳಿಯುವುದಿಲ್ಲ. ಮೊದಲು ನಗು, ತಮಾಷೆ. ಆಮೇಲೆ “ನಾನು ನಿನಗೋಸ್ಕರ ಎಷ್ಟೆಲ್ಲ ಮಾಡಿದೀನಿ” ಅನ್ನುವ ಹಂಗು. ಆಮೇಲೆ ಕೋಪ, ಅಥವಾ ಮಾತು ಬಿಡುವುದು, ಅಥವಾ ನಿಮ್ಮ ಅಮ್ಮನಿಗೆ ಫೋನ್. ಕೊನೆಗೆ ನೀವೇ ಕ್ಷಮೆ ಕೇಳಿರುತ್ತೀರಿ. ಯಾವುದಕ್ಕೆ ಕೇಳಿದಿರಿ ಅನ್ನುವುದೇ ಮರೆತಿರುತ್ತದೆ.

ಜರ್ಮನಿಯ ಮನಃಶಾಸ್ತ್ರಜ್ಞ ಮಿಟ್ಯಾ ಬಾಕ್ ಮತ್ತು ಜೊತೆಯವರು 2013ರಲ್ಲಿ ಸ್ವಮೋಹವನ್ನು ಎರಡು ಎಳೆಯಾಗಿ ಬಿಡಿಸಿ ತೋರಿಸಿದರು. ಒಂದು ಹೊಗಳಿಕೆ ಗಳಿಸುವ ಎಳೆ, ಇನ್ನೊಂದು ಪೈಪೋಟಿಯ ಎಳೆ. ಮೊದಲನೆಯದರಿಂದ ಪರಿಚಯದ ದಿನಗಳಲ್ಲಿ ಆಕರ್ಷಣೆ ಹುಟ್ಟುತ್ತದೆ. ಎರಡನೆಯದು ಹೊರಗೆ ಬರುವುದು ತನ್ನ ದೊಡ್ಡತನಕ್ಕೆ ಧಕ್ಕೆ ಬಂತು ಅನ್ನಿಸಿದಾಗ, ಸಂಬಂಧ ಹಾಳಾಗುವುದೂ ಅದರಿಂದಲೇ. ಚಿಕ್ಕ ‘ಇಲ್ಲ’ ಆ ಎರಡನೇ ಎಳೆಯನ್ನು ಮದುವೆಗೆ ಮುಂಚೆಯೇ ನಿಮಗೆ ತೋರಿಸುತ್ತದೆ.

ಹೆಜ್ಜೆ 7: ಮಳೆ ಪುಸ್ತಕದ ಹಾಗೆ ಬರೆದಿಡಿ

ಹನ್ನೊಂದು ದಿನದ ಮೌನದ ನಂತರ ಅಕ್ಕ ಒಂದು ಕೆಲಸ ಮಾಡಿದಳು. ಮಳೆ ಪುಸ್ತಕದ ಕೊನೆಯಲ್ಲಿದ್ದ ಖಾಲಿ ಕಾಲಂನಲ್ಲಿ ಪೆನ್ಸಿಲಿನಿಂದ ಒಂದೊಂದೇ ಸಾಲು ಬರೆಯತೊಡಗಿದಳು. ‘0.20. ಮಾತಿಲ್ಲ, 4ನೇ ದಿನ.’ ‘ಮಳೆ ಇಲ್ಲ. ತಮ್ಮನ ಮದುವೆಗೆ ಮೂರು ದಿನ ಇರಬಹುದು ಅಂದರು.’ ಒಂದು ವಾರ ಕಳೆದ ಮೇಲಿನ ಸಾಲು: ‘1.10. ಮೂರು ದಿನ ಅಂತ ಹೇಳೇ ಇಲ್ಲ ಅಂದರು.’

ಎಂಟು ತಿಂಗಳ ಪುಸ್ತಕವನ್ನು ನಾವಿಬ್ಬರೂ ಕೂತು ಓದಿದೆವು. ಒಂದು ದಿನದ ಮಳೆ ನೋಡಿ ಯಾರೂ ಮಳೆಗಾಲ ಹೇಗಿತ್ತು ಅಂತ ಹೇಳುವುದಿಲ್ಲ. ಇಡೀ ಪುಸ್ತಕ ತಿರುವಿದಾಗ ಗೊತ್ತಾಗುತ್ತದೆ. ಅಕ್ಕ ಅಲ್ಲಿಯವರೆಗೆ “ನನಗೇ ಏನೋ ತಲೆ ಕೆಟ್ಟಿದೆ” ಅನ್ನುತ್ತಿದ್ದಳು. ಅವತ್ತು ಪುಸ್ತಕ ಮುಚ್ಚಿ, “ನನ್ನ ನೆನಪು ಸರಿಯಾಗಿದೆ ಅಲ್ವೇನೇ?” ಅಂದಳು.

ನೀವು ಬರೆಯುವಾಗ ತಾರೀಕು, ನಡೆದದ್ದು, ಆಡಿದ ಮಾತು ಇದ್ದ ಹಾಗೇ, ಆಮೇಲೆ ಅದರ ಬಗ್ಗೆ ಅವರು ಹೇಳಿದ್ದು, ಇಷ್ಟು ಬರೆಯಿರಿ. ‘ದುಷ್ಟ’, ‘ನಾರ್ಸಿಸಿಸ್ಟ್’ ಅಂತೆಲ್ಲ ಬರೆಯಬೇಡಿ. ಒಳ್ಳೆಯ ದಿನಗಳನ್ನೂ ಬರೆಯಿರಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನೀವು ಆಡಿದ ಕೆಟ್ಟ ಮಾತನ್ನೂ ಬಿಡಬೇಡಿ. ಹೀಗೆ ಬರೆದು ನೋಡಿ “ಮೇಡಂ, ಇಲ್ಲಿ ನನ್ನದೇ ತಪ್ಪು ಜಾಸ್ತಿ ಇದೆ” ಅಂದವರೂ ಇದ್ದಾರೆ, ಅವರ ಸಂಸಾರ ಈಗ ಚೆನ್ನಾಗಿದೆ.

ಎರಡು ಮೂರು ತಿಂಗಳಾದ ಮೇಲೆ ಓದಿ. ಕುಡಿದ ದಿನ ಮಾತ್ರ ಹೀಗಾ? ಕಾಫಿ ರೇಟು ಬಿದ್ದ ಮೇಲೆ, ಅಪ್ಪ ತೀರಿಕೊಂಡ ಮೇಲೆ ಶುರುವಾಗಿದ್ದಾ? ಹಾಗಿದ್ದರೆ ಅದು ಖಿನ್ನತೆಯೋ ಕುಡಿತವೋ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಜೊತೆ ಮಾತ್ರ ಹೀಗಾ, ಮನೆಯ ಎಲ್ಲರ ಜೊತೆಗಾ? ಒಂದಾದರೂ ಸಲ ಅವರಾಗಿಯೇ “ನನ್ನಿಂದ ತಪ್ಪಾಯ್ತು” ಅಂದಿದ್ದಾರಾ? ಅಂದ ಮೇಲೆ ನಡತೆ ಬದಲಾಯಿತಾ?

ಪುಸ್ತಕ ಅವರ ಕೈಗೆ ಸಿಗಬಾರದು. ಸಿಕ್ಕರೆ ಅಪಾಯ ಅನ್ನಿಸಿದರೆ ತವರಲ್ಲೋ ಗೆಳತಿಯ ಮನೆಯಲ್ಲೋ ಇಡಿ.

ಹೆಜ್ಜೆ 8: ಈಗ ನಿಮ್ಮ ಸ್ವಭಾವ ನೋಡಿಕೊಳ್ಳಿ

ಸ್ವಭಾವದ ಅಳತೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಎದುರಿನವರನ್ನು ಅಳೆಯಲು ಅಷ್ಟಾಗಿ ಒದಗದ ಈ ವಿದ್ಯೆ, ನೀವು ಯಾಕೆ ಅಲ್ಲೇ ನಿಂತಿದ್ದೀರಿ ಅನ್ನುವುದನ್ನು ಚೆನ್ನಾಗಿ ತೋರಿಸುತ್ತದೆ.

ಹೊಂದಿಕೊಳ್ಳುವ ಗುಣ ತುಂಬಾ ಜಾಸ್ತಿ ಇರುವವರು ಜಗಳ ಮುಗಿದರೆ ಸಾಕು ಅಂತ ಸೋಲುತ್ತಾರೆ. ಅಚ್ಚುಕಟ್ಟಿನವರು “ನಾನಿನ್ನೂ ಸ್ವಲ್ಪ ಸರಿಯಾಗಿ ಮಾಡಿದ್ರೆ ಇವರು ಸರಿಹೋಗ್ತಾರೆ” ಅಂತ ದುಡಿಯುತ್ತಾರೆ. ಬೇಗ ಆತಂಕಪಡುವವರಿಗೆ ಮಾತು ಬಿಟ್ಟರೆ ಸಾಕು, ಉಸಿರು ಕಟ್ಟುತ್ತದೆ. 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಅನ್ನುವ ಸಂಶೋಧಕರು, ಮಗು ತಾಯಿಗೆ ಅಂಟಿಕೊಳ್ಳುವ ಬಗೆಗಳನ್ನೇ ದೊಡ್ಡವರ ಪ್ರೀತಿಯಲ್ಲೂ ಗುರುತಿಸಿದರು. ‘ಎಲ್ಲಿ ಬಿಟ್ಟುಹೋಗ್ತಾರೋ’ ಅನ್ನುವ ಭಯದಲ್ಲಿ ಪ್ರೀತಿಸುವವರಿಗೆ, ಒಂದು ದಿನ ತಲೆ ಮೇಲೆ ಹೊತ್ತು ಇನ್ನೊಂದು ದಿನ ನೆಲಕ್ಕೆ ಬಿಸಾಡುವ ಸಂಗಾತಿಯಿಂದ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಇದರ ಮೇಲೆ ನಮ್ಮ ಮನೆಗಳ ಪಾಠ ಬೇರೆ. “ಹೊಂದಿಕೊಂಡು ಹೋಗಮ್ಮಾ.” ಹೊಂದಿಕೊಳ್ಳುವುದು ಒಳ್ಳೆಯ ಗುಣ, ನಾನೂ ನನ್ನ ಮಗಳಿಗೆ ಅದನ್ನೇ ಕಲಿಸಿದ್ದೇನೆ. ಆದರೆ ಹೊಂದಾಣಿಕೆಗೆ ಇಬ್ಬರು ಬೇಕು. ಒಬ್ಬರೇ ವರ್ಷಾನುಗಟ್ಟಲೆ ಬಾಗುತ್ತಿದ್ದರೆ ಬೆನ್ನು ಮುರಿಯುತ್ತದೆ. ನಿಮ್ಮ ಒಳ್ಳೆಯ ಗುಣ ನಿಮ್ಮ ತಪ್ಪಲ್ಲ. ಅದನ್ನು ಎಲ್ಲಿಯವರೆಗೆ ಕೊಡಬೇಕು ಅನ್ನುವ ಗೆರೆ ಮಾತ್ರ ನೀವು ಎಳೆಯಬೇಕು.

ಹೆಜ್ಜೆ 9: ಕಡಿಮೆ ಮಾತಾಡಿ, ಒಂದೇ ಮಾತಾಡಿ

“ನೀವು ನಾರ್ಸಿಸಿಸ್ಟ್” ಅಂತ ಮುಖಕ್ಕೆ ಹೇಳಬೇಡಿ. ಅದರಿಂದ ಯಾರೂ ಬದಲಾಗಿದ್ದನ್ನು ನಾನು ನೋಡಿಲ್ಲ. ಮಾರನೇ ದಿನದಿಂದ ಅದೇ ಪದ ನಿಮ್ಮ ಮೇಲೆ ತಿರುಗುತ್ತದೆ. ಹಳೆಯ ಹತ್ತು ತಪ್ಪುಗಳನ್ನು ಒಟ್ಟಿಗೆ ತೆಗೆಯಲೂಬೇಡಿ, ಅವರು ಹತ್ತರಲ್ಲಿ ದುರ್ಬಲವಾದ ಒಂದನ್ನು ಹಿಡಿದು ಉಳಿದ ಒಂಬತ್ತನ್ನು ಮುಳುಗಿಸುತ್ತಾರೆ.

ಅಕ್ಕನಿಗೆ ನಾನು ಅಭ್ಯಾಸ ಮಾಡಿಸಿದ ಮಾತುಗಳು ಹೀಗಿದ್ದವು. “ಈ ದನಿಯಲ್ಲಿ ಮಾತಾಡಿದ್ರೆ ನಾನು ಒಳಗೆ ಹೋಗ್ತೀನಿ ರೀ. ಸಮಾಧಾನ ಆದ್ಮೇಲೆ ಮಾತಾಡೋಣ.” ಹೇಳಿದ ಮೇಲೆ ನಿಜವಾಗಿ ಒಳಗೆ ಹೋಗಬೇಕು. “ನಿಮಗೆ ಹಾಗೆ ನೆನಪಿರಬಹುದು. ನನಗೆ ಹೀಗೆ ನೆನಪಿದೆ.” ಇಷ್ಟೇ, ಯಾರ ನೆನಪು ಸರಿ ಅಂತ ಗೆಲ್ಲಲು ಹೋಗಬಾರದು. “ಯೋಚನೆ ಮಾಡಿ ನಾಳೆ ಹೇಳ್ತೀನಿ.” ಈ ಮೂರನೆಯದನ್ನು ಹೇಳಲು ಅಕ್ಕನಿಗೆ ಒಂದು ವರ್ಷ ಹಿಡಿಯಿತು. ಮೊದಲ ಸಲ ಹೇಳಿದಾಗ ಕೈ ನಡುಗಿ ಲೋಟದ ಕಾಫಿ ಸೀರೆ ಮೇಲೆ ಚೆಲ್ಲಿತ್ತಂತೆ.

ಇದರ ಜೊತೆಗೇ ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ, ಆಧಾರ್ ಮತ್ತು ಅಂಕಪಟ್ಟಿಗಳ ಪ್ರತಿ ಬೇರೆ ಕಡೆ, ದಿನಾ ಮಾತಾಡುವ ಒಬ್ಬರು ಸ್ವಂತ ಮನುಷ್ಯರು, ಇಷ್ಟು ಮಾಡಿಕೊಳ್ಳಿ. ಬಿಟ್ಟುಹೋಗಲು ಅಂತಲ್ಲ. ಉಳಿದರೂ ನಿಮಗೆ ನೆಲ ಬೇಕು.

ಹೆಜ್ಜೆ 10: ಬದಲಾಗುತ್ತಾರಾ ಅನ್ನುವ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಿ

ಎಲ್ಲರೂ ಕೇಳುವ ಪ್ರಶ್ನೆ ಇದು. ವಯಸ್ಸಾದಂತೆ ಸ್ವಮೋಹ ಸರಾಸರಿಯಲ್ಲಿ ಸ್ವಲ್ಪ ಇಳಿಯುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಈ ಗುಣಕ್ಕೆಂದೇ ಮಾತ್ರೆ ಇಲ್ಲ. ಮಾತಿನ ಚಿಕಿತ್ಸೆ ಇದೆ, ಅದು ದೀರ್ಘ. ಇಂಥವರು ತಾವಾಗಿಯೇ ಬರುವುದು ಕಡಿಮೆ. ಬಂದರೆ ಏನನ್ನಾದರೂ ಕಳೆದುಕೊಂಡ ಮೇಲೆ, ಖಿನ್ನತೆಯೋ ಕುಡಿತವೋ ಹಿಡಿದ ಮೇಲೆ ಬರುತ್ತಾರೆ. ಬಂದು ಉಳಿದವರಲ್ಲಿ ಬದಲಾವಣೆ ಆಗುತ್ತದೆ, ನಾನು ಕಂಡಿದ್ದೇನೆ. ಆದರೆ ಅವರು ಬದಲಾಗುವವರೆಗೆ ನಿಮ್ಮ ಬದುಕು ನಿಲ್ಲಬೇಕಾಗಿಲ್ಲ. ಭಯವಿರುವ ಮನೆಯಾದರೆ ಜೋಡಿಯಾಗಿ ಸಮಾಲೋಚನೆಗೆ ಹೋಗಬೇಡಿ, ಮೊದಲು ಒಬ್ಬರೇ ಹೋಗಿ. ಅಲ್ಲಿ ಬಾಯಿ ಬಿಟ್ಟ ಮಾತಿಗೆ ಮನೆಯಲ್ಲಿ ಲೆಕ್ಕ ಕೊಡುವಂತಾಗಬಾರದು.

ಇದನ್ನು ಓದುತ್ತಾ “ಅಯ್ಯೋ, ಇದು ನಾನೇ” ಅನ್ನಿಸಿತಾ? ಹಾಗೆ ಅನ್ನಿಸಿ ನೋವಾಗಿದ್ದರೆ ನಿಮ್ಮ ಮನಸ್ಸು ಇನ್ನೂ ಮಿಡಿಯುತ್ತಿದೆ ಅಂತ ಅರ್ಥ. ಇವತ್ತು ಸಂಜೆ ಮನೆಯವರ ಒಂದು ‘ಇಲ್ಲ’ವನ್ನು ಪ್ರಶ್ನೆ ಮಾಡದೆ ಒಪ್ಪಿ ನೋಡಿ. ಎದೆಯಲ್ಲಿ ಏನಾಗುತ್ತದೆ ಗಮನಿಸಿ. ಅದನ್ನೇ ಒಬ್ಬ ಸಮಾಲೋಚಕರಿಗೆ ಹೇಳಿ.

ತಂದೆ-ತಾಯಿಗಳಿಗೂ ಒಂದು ಮಾತು. ನೆದರ್‌ಲೆಂಡ್ಸ್‌ನಲ್ಲಿ 7ರಿಂದ 11 ವರ್ಷದ ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಹೀಗನ್ನುತ್ತದೆ: ‘ನನ್ನ ಮಗು ಬೇರೆ ಮಕ್ಕಳಿಗಿಂತ ಮೇಲು’ ಅಂತ ಬೆಳೆಸಿದಲ್ಲಿ ಸ್ವಮೋಹ ಹೆಚ್ಚಿತು. ಬರೀ ಅಕ್ಕರೆ ಕೊಟ್ಟಲ್ಲಿ ಆತ್ಮಗೌರವ ಬೆಳೆಯಿತು. ಮಗನನ್ನು ಮುದ್ದು ಮಾಡಿ, ತಂಗಿಯ ತಟ್ಟೆ ತೊಳೆಯಲೂ ಕಲಿಸಿ.

ಹೆಜ್ಜೆ 11: ಮೊದಲ ಫೋನ್

ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಂಡಸರೂ ಮಾಡಬಹುದು, ದಯವಿಟ್ಟು ಮಾಡಿ. ನೇರವಾಗಿ ಹೋಗುವುದಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಇದೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಮಾತಿನ ಹಿಂಸೆ, ಮನಸ್ಸಿಗೆ ಕೊಡುವ ಹಿಂಸೆ, ದುಡ್ಡು ಕೊಡದೆ ಸತಾಯಿಸುವುದು ಕೂಡ ದೌರ್ಜನ್ಯವೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಹೆಣ್ಣಿಗೆ ಕೊಟ್ಟಿದೆ. ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೆಂದೇ ಜಿಲ್ಲಾ ಕೇಂದ್ರದಲ್ಲಿರುವ ಸರ್ಕಾರದ ‘ಸಖಿ’ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಸಿಗುತ್ತದೆ. ತಾರೀಕು ಹಾಕಿ ಬರೆದಿಟ್ಟ ಪುಸ್ತಕ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಫೋನ್ ಹಿಡಿದು ಏನು ಹೇಳುವುದು ಅಂತ ತೋಚದೆ ಇಟ್ಟುಬಿಡುವವರು ಬಹಳ ಜನ. ಅಕ್ಕನೂ ಎರಡು ಸಲ ಇಟ್ಟಿದ್ದಳು. ಮೂರನೇ ಸಲ ಒಂದು ಚೀಟಿಯಲ್ಲಿ ಬರೆದುಕೊಂಡು ಓದಿದಳು. ಅವಳು ಓದಿದ್ದು ಇಷ್ಟು: “ನನ್ನನ್ನ ಯಾರೂ ಹೊಡೆದಿಲ್ಲ. ಆದ್ರೆ ಮನೇಲಿ ಒಂದು ಮಾತಾಡೋಕೂ ನನಗೆ ಭಯ ಆಗುತ್ತೆ. ಇದಕ್ಕೆ ನಿಮ್ಮ ಹತ್ರ ಮಾತಾಡಬಹುದಾ?”

“ಮಾತಾಡಿ ಅಮ್ಮ, ಕೇಳ್ತಿದೀನಿ” ಅಂದರಂತೆ ಆ ಕಡೆಯಿಂದ.